ಎಂಜಿನ್ ಆಯಿಲ್‌ನಲ್ಲಿ ಗಾಳಿಗುಳ್ಳೆ: ಯಾವುದನ್ನು ಮೊದಲು ನೋಡಬೇಕು, ಯಾವಾಗ ಚೇಂಬರ್ ಬಿಚ್ಚಬೇಕು

ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಎಳೆದಾಗ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು. ಅದರ ಫೋಟೊ ತೆಗೆದು ‘ಇದಕ್ಕೆ ಏನು ಮಾಡಲಿ?’ ಎಂದು ಕೇಳುವ ಓದುಗರು ಬಹಳ ಮಂದಿ. ಹೆಚ್ಚಿನವರು ಅಷ್ಟರಲ್ಲಾಗಲೇ ಒಮ್ಮೆ ಆಯಿಲ್ ಬದಲಿಸಿರುತ್ತಾರೆ, ಕೆಲವರು ಎರಡು ಸಲ. ನಾಲ್ಕು ದಿನ ಸರಿಯಿದ್ದ ಹಾಗೆ ಕಂಡು ಮತ್ತೆ ಅದೇ ನೊರೆ, ಅದೇ ಟಕ್ ಟಕ್ ಸದ್ದು. ಆಯಿಲ್ ಬದಲಿಸಿದಾಗ ಹೋಗುವುದು ನೊರೆಯೆದ್ದ ಆಯಿಲ್ ಮಾತ್ರ, ಅದಕ್ಕೆ ಗಾಳಿ ಸೇರಿಸುತ್ತಿರುವ ಕಾರಣ ಎಂಜಿನ್ ಒಳಗೇ ಉಳಿದಿರುತ್ತದೆ. ಹುಡುಕುವ ಕ್ರಮ ತಪ್ಪಿದ್ದರಿಂದಲೇ ಇಷ್ಟು ಜನ ಸೋಲುತ್ತಿದ್ದಾರೆ ಎಂಬುದು ನನಗೆ ಖಾತ್ರಿಯಾಗಿದೆ. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ. ಒಂದನ್ನು ಹಾರಿಸಿ ಮುಂದಿನದಕ್ಕೆ ಹೋಗಬೇಡಿ.

## ಈ ಲಕ್ಷಣ ಕಂಡರೆ ಎಂಜಿನ್ ಸ್ಟಾರ್ಟ್ ಮಾಡಬೇಡಿ

ಆಯಿಲ್‌ನ ಕೆಂಪು ದೀಪ ಹತ್ತಿ ಆರದೆ ಉಳಿದರೆ ಗಾಡಿಯನ್ನು ರಸ್ತೆ ಬದಿಗೆ ತೆಗೆದುಕೊಂಡು ಕೂಡಲೇ ಆಫ್ ಮಾಡಿ. ‘ಇನ್ನು 2 ಕಿಲೋಮೀಟರ್ ಅಷ್ಟೇ, ಮನೆ ಮುಟ್ಟಿಬಿಡೋಣ’ ಅನ್ನುವ ಲೆಕ್ಕದಲ್ಲೇ ಬೇರಿಂಗ್ ಸುಟ್ಟುಕೊಂಡವರು ಅನೇಕರಿದ್ದಾರೆ.

ಡಿಪ್‌ಸ್ಟಿಕ್‌ನಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣ ಕಾಣುತ್ತಿದೆ, ಆಯಿಲ್ ಮಟ್ಟ ತಾನಾಗಿ ಏರಿದೆ, ಜೊತೆಗೆ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಕಡಿಮೆಯಾಗಿದೆ. ಈ ಮೂರೂ ಒಟ್ಟಿಗೆ ಇದ್ದರೆ ಎಂಜಿನ್ ಒಮ್ಮೆಯೂ ತಿರುಗಬಾರದು. ಕೂಲೆಂಟ್‌ನಲ್ಲಿರುವ ಗ್ಲೈಕಾಲ್ ಬೇರಿಂಗ್‌ಗಳನ್ನು ತಿನ್ನುತ್ತದೆ. ಟೋ ಮಾಡಿಸುವ ಖರ್ಚು ಎಂಜಿನ್ ಬಿಚ್ಚಿಸುವ ಖರ್ಚಿನ ಮುಂದೆ ಏನೇನೂ ಅಲ್ಲ.

ಎಂಜಿನ್ ವೇಗಕ್ಕೆ ತಕ್ಕಂತೆ ಕೆಳಗಿನಿಂದ ದಪ್ಪ ದನಿಯ ‘ಗುದ್ದು’ ಸದ್ದು ಬರುತ್ತಿದ್ದರೂ ಹೀಗೆಯೇ ಮಾಡಿ. ಮೇಲ್ಭಾಗದಿಂದ ಬರುವ ತೆಳುವಾದ ಟಕ್ ಟಕ್ ವಾಲ್ವ್ ತಳ್ಳುವ ಟ್ಯಾಪೆಟ್‌ನದು, ಅದಕ್ಕೆ ಸ್ವಲ್ಪ ಸಮಯವಿದೆ. ಕೆಳಗಿನ ಗುದ್ದು ಬೇರಿಂಗ್‌ನದು, ಅದಕ್ಕೆ ಸಮಯವಿಲ್ಲ.

## ಯಾವ ಗುಳ್ಳೆಗೆ ಹೆದರಬೇಕು

ಯಾವ ಆಯಿಲ್‌ನಲ್ಲಾದರೂ ಗಾಳಿ ಇದ್ದೇ ಇರುತ್ತದೆ. ಸಾಮಾನ್ಯ ಒತ್ತಡದಲ್ಲಿ ಖನಿಜ ತೈಲದ ಗಾತ್ರದ ಸುಮಾರು ಶೇ. 8ರಿಂದ 10ರಷ್ಟು ಗಾಳಿ ಅದರಲ್ಲಿ ಕರಗಿರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ತೊಂದರೆಯನ್ನೂ ಕೊಡುವುದಿಲ್ಲ. ಆಯಿಲ್ ಮೇಲೆ ತೇಲುವ ನೊರೆ ಎರಡನೆಯದು, ಅದೂ ಸ್ವಲ್ಪ ಹೊತ್ತಿಗೆ ಒಡೆದುಹೋಗುತ್ತದೆ. ಹೆದರಬೇಕಾದ್ದು ಮೂರನೆಯದಕ್ಕೆ, ಅಂದರೆ ಆಯಿಲ್ ಒಡಲೊಳಗೇ ಸಿಕ್ಕಿಕೊಂಡು ಪಂಪ್ ಮೂಲಕ ಸುತ್ತುವ ಸಣ್ಣ ಗುಳ್ಳೆಗಳಿಗೆ.

ಆಯಿಲ್ ಅನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಹೈಡ್ರಾಲಿಕ್ ಟ್ಯಾಪೆಟ್ ಒಳಗೆ ಗುಳ್ಳೆ ಸೇರಿದರೆ ಅದು ಗಟ್ಟಿಯಾಗಿ ನಿಲ್ಲದೆ ಸ್ಪಂಜಿನಂತೆ ಅಮುಕುತ್ತದೆ, ಟಕ್ ಟಕ್ ಬರುವುದು ಅದಕ್ಕೇ. ಬೇರಿಂಗ್‌ನಲ್ಲಿ ಲೋಹಕ್ಕೂ ಲೋಹಕ್ಕೂ ನಡುವೆ ನಿಲ್ಲಬೇಕಾದ ಆಯಿಲ್ ಪೊರೆ ಗುಳ್ಳೆ ಇದ್ದ ಕಡೆ ಹರಿದುಹೋಗುತ್ತದೆ.

## ಬೇಕಾದ ಸಾಮಾನು

ಮೊದಲ ನಾಲ್ಕು ಹಂತಗಳಿಗೆ ಮನೆಯಲ್ಲಿರುವ ಸಾಮಾನೇ ಸಾಕು: ಟಾರ್ಚ್, ನಾರು ಬಿಡದ ಬಟ್ಟೆ, ಟಿಶ್ಯೂ ಪೇಪರ್, 100 ಮಿಲಿಯ ದೊಡ್ಡ ಸಿರಿಂಜ್, ಅದಕ್ಕೆ ಸಿಕ್ಕಿಸಲು ಡಿಪ್‌ಸ್ಟಿಕ್ ಕೊಳವೆಯೊಳಗೆ ಇಳಿಯುವಷ್ಟು ತೆಳು ಪೈಪು, ಮುಚ್ಚಳವಿರುವ ಎರಡು ಗಾಜಿನ ಬಾಟಲಿ. ಬಾಟಲಿ ಪೂರ್ತಿ ಒಣಗಿರಬೇಕು. ಸೋಪಿನ ಅಂಶ ಉಳಿದಿದ್ದರೆ ಅದೇ ನೊರೆ ಎಬ್ಬಿಸಿ ನಿಮ್ಮ ಪರೀಕ್ಷೆಯನ್ನು ಹಾಳು ಮಾಡುತ್ತದೆ.

ಮುಂದಿನ ಹಂತಗಳಿಗೆ ಅಡಾಪ್ಟರ್ ಸಮೇತ ಮೆಕ್ಯಾನಿಕಲ್ ಆಯಿಲ್ ಪ್ರೆಶರ್ ಗೇಜು, ಟಾರ್ಕ್ ರೆಂಚ್, ಹಳೆ ಆಯಿಲ್ ಹಿಡಿಯುವ ಅಗಲ ಪಾತ್ರೆ, ಗಾಡಿಗೆ ಆಸರೆ ಕೊಡುವ ಎರಡು ಸ್ಟ್ಯಾಂಡ್ ಬೇಕು. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಇದನ್ನು ಕೈಮುಗಿದು ಹೇಳುತ್ತಿದ್ದೇನೆ.

ನಿಮ್ಮ ಕಾರಿನ ಕೈಪಿಡಿಯೂ ಹತ್ತಿರವಿರಲಿ. ಆಯಿಲ್ ಪ್ರಮಾಣ, ಗ್ರೇಡ್, ಮಟ್ಟ ನೋಡುವ ವಿಧಾನ ಗಾಡಿಯಿಂದ ಗಾಡಿಗೆ ಬೇರೆ.

## ಹಂತ 1: ಮಟ್ಟವನ್ನು ಸರಿಯಾಗಿ ಅಳೆಯಿರಿ

ಇದು ಎಲ್ಲಕ್ಕಿಂತ ಸುಲಭದ ಹಂತ. ಅತಿ ಹೆಚ್ಚು ಜನ ತಪ್ಪುವುದೂ ಇಲ್ಲೇ.

ಗಾಡಿ ಸಮತಟ್ಟಾದ ಜಾಗದಲ್ಲಿ ನಿಲ್ಲಲಿ. ಮನೆ ಮುಂದಿನ ಇಳಿಜಾರು ರ‍್ಯಾಂಪ್ ಮೇಲೆ ನೋಡಿದ ಮಟ್ಟ ಮಟ್ಟವೇ ಅಲ್ಲ. ಎಂಜಿನ್ ಬಿಸಿಯಾಗುವಷ್ಟು ಓಡಿಸಿ ಆಫ್ ಮಾಡಿ, 10 ನಿಮಿಷ ಕಾಯಿರಿ. ಕೆಲವು ಕಂಪನಿಗಳು ತಣ್ಣಗಿರುವಾಗ ನೋಡಿ ಎನ್ನುತ್ತವೆ, ಕೈಪಿಡಿ ಹಾಗೆ ಹೇಳಿದ್ದರೆ ಹಾಗೇ ಮಾಡಿ. ಡಿಪ್‌ಸ್ಟಿಕ್ ಎಳೆದು ಒರೆಸಿ, ಪೂರ್ತಿ ಒಳಗೆ ಕೂರಿಸಿ, ಮತ್ತೆ ಎಳೆಯಿರಿ. ಮೊದಲ ಎಳೆತದಲ್ಲಿ ಕಂಡದ್ದನ್ನು ನಂಬಬೇಡಿ. ಎರಡು ಬದಿಯಲ್ಲಿ ಮಟ್ಟ ಬೇರೆ ಬೇರೆ ಕಂಡರೆ ಕಡಿಮೆ ಇರುವ ಬದಿಯೇ ನಿಜ, ಇನ್ನೊಂದು ಬದಿ ಕೊಳವೆಗೆ ತಾಗಿ ಬಳಿದುಕೊಂಡಿರುತ್ತದೆ.

ಎಂಜಿನ್ ಆಫ್ ಮಾಡಿದ ಮರುಕ್ಷಣ ಡಿಪ್‌ಸ್ಟಿಕ್ ಎಳೆದರೆ ಆರೋಗ್ಯವಾಗಿರುವ ಎಂಜಿನ್‌ನಲ್ಲೂ ನಾಲ್ಕಾರು ಗುಳ್ಳೆ ಕಾಣುತ್ತವೆ. ನನಗೆ ಬರುವ ಫೋಟೊಗಳಲ್ಲಿ ಒಂದು ಪಾಲು ಇಂಥವೇ. 10 ನಿಮಿಷದ ಮೇಲೂ ಗುಳ್ಳೆ ಉಳಿದಿದ್ದರೆ ಮಾತ್ರ ಮುಂದಕ್ಕೆ ಓದಿ.

ಈಗ ಮೂರು ಸಾಧ್ಯತೆಗಳಿವೆ.

ಮಟ್ಟ ಮ್ಯಾಕ್ಸ್ ಗುರುತಿಗಿಂತ ಮೇಲಿದೆ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) 2500 ಆರ್‌ಪಿಎಂನಲ್ಲಿ ಸೆಕೆಂಡಿಗೆ 40ಕ್ಕೂ ಹೆಚ್ಚು ಸುತ್ತು ಹೊಡೆಯುತ್ತದೆ. ಆಯಿಲ್ ಅದರ ತನಕ ಏರಿದ್ದರೆ ಮಜ್ಜಿಗೆ ಕಡೆದ ಹಾಗೆಯೇ, ಗಾಳಿಯನ್ನು ಬಡಿದು ಬಡಿದು ಒಳಗೆ ಸೇರಿಸುತ್ತದೆ. ನಮ್ಮಲ್ಲಿ ಇದು ಹೆಚ್ಚಾಗಿ ಆಗುವುದು ಕ್ಯಾನ್ ಪೂರ್ತಿ ಸುರಿಯುವುದರಿಂದ. 3.1 ಲೀಟರ್ ಹಿಡಿಯುವ ಎಂಜಿನ್‌ಗೆ 3.5 ಲೀಟರ್ ಕ್ಯಾನ್ ತರುತ್ತಾರೆ, ‘ಉಳಿಸಿ ಏನು ಮಾಡೋದು’ ಎಂದು ಕೊನೆಯ ಹನಿಯ ತನಕ ಹುಯ್ಯುತ್ತಾರೆ. ಹಳೆ ಆಯಿಲ್ ಪೂರ್ತಿ ಇಳಿಯುವ ಮೊದಲೇ ಡ್ರೈನ್ ನಟ್ ಹಾಕಿದ್ದರೆ ಅದೂ ಸೇರಿ ಅರ್ಧ ಲೀಟರಿಗೂ ಮಿಕ್ಕಿ ಹೆಚ್ಚಾಗುತ್ತದೆ.

ಮಟ್ಟ ಮಿನ್ ಗುರುತಿಗಿಂತ ಕೆಳಗಿದೆ. ಆಗ ಚೇಂಬರಿನ (ಎಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿಯ) ತಳದಲ್ಲಿರುವ ಸ್ಟ್ರೈನರ್, ಅಂದರೆ ಪಂಪ್‌ಗೆ ಆಯಿಲ್ ಸೋಸಿ ಕಳಿಸುವ ಜಾಲರಿಯ ಬಾಯಿ, ಆಯಿಲ್ ಜೊತೆ ಗಾಳಿಯನ್ನೂ ಹೀರುತ್ತದೆ. ಮುಖ್ಯವಾಗಿ ತಿರುವಿನಲ್ಲಿ, ಜೋರಾಗಿ ಬ್ರೇಕ್ ಹಾಕಿದಾಗ. ನಮ್ಮ ಚಿಕ್ಕಪ್ಪ ಒಮ್ಮೆ ಉಡುಪಿಯಿಂದ ತೀರ್ಥಹಳ್ಳಿಗೆ ಬರುತ್ತ ಆಗುಂಬೆ ಘಾಟಿ ಹತ್ತಿ ಮೇಲೆ ಬಂದವರೇ ಫೋನ್ ಮಾಡಿದರು: ‘ತಿರುವಲ್ಲಿ ಮಾತ್ರ ಕೆಂಪು ಲೈಟ್ ಮಿಣುಕ್ತದೆ ಮಾರಾಯ, ರಸ್ತೆ ನೆಟ್ಟಗಾದ್ರೆ ಇಲ್ಲ.’ ಅಲ್ಲೇ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿ ಅಂದೆ. ತುದಿಗೆ ಆಯಿಲ್ ತಾಗಿರಲಿಲ್ಲ. ಘಾಟಿಯ 14 ತಿರುವುಗಳಲ್ಲಿ ಪ್ರತಿ ಸಲವೂ ಇದ್ದಬದ್ದ ಆಯಿಲ್ ಒಂದು ಮೂಲೆಗೆ ಸರಿದು ಸ್ಟ್ರೈನರ್ ಬರಿದಾಗುತ್ತಿತ್ತು. ಪೇಟೆಯಿಂದ ಸರಿಯಾದ ಗ್ರೇಡ್‌ನ 1 ಲೀಟರ್ ತರಿಸಿ ಹಾಕಿದ ಮೇಲೆ ದೀಪ ಮತ್ತೆ ಹತ್ತಲಿಲ್ಲ. ಸೋರಿಕೆ ಎಲ್ಲಿಂದ ಎಂದು ಆಮೇಲೆ ಹುಡುಕಿದೆವು.

ಹೆಚ್ಚಿನ ಕಾರುಗಳಲ್ಲಿ ಮಿನ್ ಮತ್ತು ಮ್ಯಾಕ್ಸ್ ನಡುವಿನ ಅಂತರ ಸುಮಾರು 1 ಲೀಟರ್. ತುಂಬುವಾಗ 200 ಮಿಲಿಯಂತೆ ಹಾಕಿ, ಐದು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಮ್ಯಾಕ್ಸ್‌ಗಿಂತ ಒಂದು ಕೂದಲು ಕೆಳಗೆ ನಿಂತರೆ ಸಾಕು.

ಮಟ್ಟ ಸರಿಯಾಗಿದೆ, ಆದರೂ ಗುಳ್ಳೆ ಇದೆ. ಮುಂದಿನ ಹಂತಕ್ಕೆ ಹೋಗಿ. ಅದಕ್ಕೂ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ: ಡಿಪ್‌ಸ್ಟಿಕ್ ನಿಮ್ಮ ಎಂಜಿನ್ನಿನದೇ ತಾನೆ? ಹಳೆಯದು ಮುರಿದು ಬೇರೆ ಮಾಡೆಲ್‌ನದು ಹಾಕಿರುವ ಸೆಕೆಂಡ್ ಹ್ಯಾಂಡ್ ಗಾಡಿಗಳನ್ನು ಕಂಡಿದ್ದೇನೆ. ಅನುಮಾನವಿದ್ದರೆ ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, ಕೈಪಿಡಿಯ ಅಳತೆಯಷ್ಟೇ ತುಂಬಿ, ಎಂಜಿನ್ ಒಂದು ನಿಮಿಷ ಓಡಿಸಿ ನಿಲ್ಲಿಸಿದ ಮೇಲೆ ಗುರುತು ಎಲ್ಲಿ ನಿಲ್ಲುತ್ತದೆ ನೋಡಿ.

## ಹಂತ 2: ಬಾಟಲಿ ಪರೀಕ್ಷೆ

ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ವಿಷಯ ಹೇಳಿಕೊಡುವ ಹಂತ ಇದು, ಖರ್ಚೂ ಇಲ್ಲ. ಆದರೂ ಮಾಡುವವರು ಕಡಿಮೆ.

ಗಾಡಿಯನ್ನು 20 ನಿಮಿಷ ಓಡಿಸಿ ಬನ್ನಿ. ಆಫ್ ಮಾಡಿದ ಕೂಡಲೇ ಡಿಪ್‌ಸ್ಟಿಕ್ ಕೊಳವೆಯ ಮೂಲಕ ತೆಳು ಪೈಪು ಇಳಿಸಿ ಸಿರಿಂಜ್‌ನಲ್ಲಿ ನಿಧಾನವಾಗಿ ಆಯಿಲ್ ಎಳೆಯಿರಿ. ಜೋರಾಗಿ ಎಳೆದರೆ ಸಿರಿಂಜೇ ಗುಳ್ಳೆ ಮಾಡುತ್ತದೆ. ಆಯಿಲ್ ಕೈ ಸುಡುವಷ್ಟು ಬಿಸಿ ಇರುತ್ತದೆ, ಗ್ಲೌಸ್ ಹಾಕಿ. ಬಾಟಲಿಗೆ ಬಿಟ್ಟು ಹಿಂದಿನಿಂದ ಟಾರ್ಚ್ ಹಿಡಿದು ನೋಡುತ್ತಾ ಕುಳಿತುಕೊಳ್ಳಿ.

ಮಸುಕಾಗಿದ್ದ ಆಯಿಲ್ ತಳದಿಂದ ಮೇಲಕ್ಕೆ ತಿಳಿಯಾಗುತ್ತಾ ಬಂದು, ಕೆಲವು ನಿಮಿಷಗಳಲ್ಲಿ ಮೊದಲಿನ ಬಣ್ಣಕ್ಕೆ ತಿರುಗಿದರೆ ಅದರಲ್ಲಿದ್ದದ್ದು ಗಾಳಿ. ಗುಳ್ಳೆ ಮೇಲೇರುವುದರಿಂದ ತಳ ಮೊದಲು ತಿಳಿಯಾಗುತ್ತದೆ.

ಒಂದು ಗಂಟೆಯಾದರೂ ಮಸುಕು ಹೋಗದೆ ತೆಳು ಚಹಾದಂತೆಯೇ ಉಳಿದರೆ ಅದು ಗಾಳಿಯಲ್ಲ, ನೀರು ಅಥವಾ ಕೂಲೆಂಟ್. ರಾತ್ರಿಯಿಡೀ ಬಿಟ್ಟರೆ ಕೆಲವೊಮ್ಮೆ ತಳದಲ್ಲಿ ನೀರಿನ ಪದರ ಕಾಣುತ್ತದೆ. ಖಚಿತಪಡಿಸಿಕೊಳ್ಳಲು ಅಡುಗೆಗೆ ಬಳಸದ ಹಳೆ ತವೆಯೊಂದನ್ನು ಮನೆಯ ಹೊರಗೆ ಕಾಯಿಸಿ ಎರಡೇ ಎರಡು ಹನಿ ಬಿಡಿ. ಒಗ್ಗರಣೆಯಂತೆ ಚಟಪಟ ಅಂದರೆ ನೀರಿದೆ. ಸದ್ದಿಲ್ಲದೆ ಹೊಗೆಯಾಡಿದರೆ ಇಲ್ಲ. ಕನ್ನಡಕ ಹಾಕಿಕೊಂಡು, ಕೈ ದೂರ ಇಟ್ಟುಕೊಂಡು ಮಾಡಿ. ಪೆಟ್ರೋಲ್ ಅಥವಾ ಡೀಸೆಲ್ ವಾಸನೆ ಬರುವ ಆಯಿಲ್‌ಗೆ ಈ ಪರೀಕ್ಷೆ ಮಾಡಲೇಬೇಡಿ.

ನೊರೆ ಮೇಲೆ ದಪ್ಪ ಪದರವಾಗಿ ನಿಂತು ಅರ್ಧ ಗಂಟೆಯಾದರೂ ಒಡೆಯದಿದ್ದರೆ ಆಯಿಲ್ ಕೆಟ್ಟಿದೆ ಅಥವಾ ಅದಕ್ಕೆ ಬೇರೇನೋ ಬೆರೆತಿದೆ. ಇದು ಹಂತ 4ಕ್ಕೆ ಸಂಬಂಧಪಟ್ಟದ್ದು.

ಕೊನೆಗೆ ವಾಸನೆ. ಡಿಪ್‌ಸ್ಟಿಕ್ ಮೂಗಿನ ಹತ್ತಿರ ಹಿಡಿಯಿರಿ, ಒಂದು ಹನಿ ಟಿಶ್ಯೂ ಮೇಲೆ ಬಿಡಿ. ಕಪ್ಪು ನಡುಭಾಗದ ಸುತ್ತ ತೆಳು ಎಣ್ಣೆಯ ಉಂಗುರ ಅಗಲವಾಗಿ ಹರಡಿದರೆ, ವಾಸನೆಯೂ ಇದ್ದರೆ, ಇಂಧನ ಬೆರೆತಿದೆ ಎಂದು ಅನುಮಾನಿಸಿ.

## ಹಂತ 3: ಮಟ್ಟ ತಾನಾಗಿ ಏರುತ್ತಿದೆಯೇ?

ಯಾರೂ ಆಯಿಲ್ ಹಾಕದೆ ಮಟ್ಟ ಏರುವುದಕ್ಕೆ ಎರಡೇ ಕಾರಣ: ಇಂಧನ ಅಥವಾ ಕೂಲೆಂಟ್.

2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲಿನ ಡೀಸೆಲ್ ಕಾರುಗಳಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುತ್ತದೆ. ಅದರಲ್ಲಿ ತುಂಬಿದ ಮಸಿ ಸುಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ದಿನಾ 4 ಕಿಲೋಮೀಟರ್ ಹೋಗಿ ಆಫ್ ಮಾಡುವ ಗಾಡಿಯಲ್ಲಿ ಈ ಸುಡುವಿಕೆ ಪ್ರತಿ ಸಲ ಅರ್ಧಕ್ಕೇ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಸುಡದ ಡೀಸೆಲ್ ಸಿಲಿಂಡರ್ ಗೋಡೆಯ ಮೂಲಕ ಇಳಿದು ಚೇಂಬರ್ ಸೇರುತ್ತದೆ. ಆಯಿಲ್ ತೆಳುವಾಗುತ್ತದೆ, ಮಟ್ಟ ಏರುತ್ತದೆ, ಕ್ರ್ಯಾಂಕ್ ಕಡೆಯಲು ಶುರು ಮಾಡುತ್ತದೆ. ಹೆಚ್ಚಾದ್ದನ್ನಷ್ಟೇ ಸಿರಿಂಜ್‌ನಲ್ಲಿ ತೆಗೆದರೆ ಸಾಲದು, ಉಳಿದದ್ದೂ ತೆಳುವಾಗಿಯೇ ಇರುತ್ತದೆ. ಆಯಿಲ್, ಫಿಲ್ಟರ್ ಎರಡೂ ಬದಲಿಸಿ, ಆಮೇಲೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ಸಮ ಓಡಿಸಿ ಡಿಪಿಎಫ್ ಪೂರ್ತಿ ಸುಡಲು ಬಿಡಿ. ಓಡಾಟದ ಬಗೆ ಬದಲಾಗದಿದ್ದರೆ ಇದು ಮತ್ತೆ ಬರುತ್ತದೆ.

ಕೂಲೆಂಟ್ ಆದರೆ ಎಕ್ಸ್‌ಪಾನ್ಷನ್ ಟ್ಯಾಂಕ್ ತೆರೆದು ನೋಡಿ, ಎಂಜಿನ್ ತಣ್ಣಗಾದ ಮೇಲೆ ಮಾತ್ರ. ಅಲ್ಲಿ ಕಂದು ಕೆನೆ ತೇಲುತ್ತಿದ್ದರೆ ಆಯಿಲ್ ಕೂಲರ್ ಅಥವಾ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲ್) ಹೋಗಿದೆ. ಓಡುವಾಗ ಆಯಿಲ್ ಒತ್ತಡ ಹೆಚ್ಚಿರುವುದರಿಂದ ಆಯಿಲ್ ಕೂಲೆಂಟ್‌ಗೆ ನುಗ್ಗುತ್ತದೆ. ಆಫ್ ಮಾಡಿದ ಮೇಲೆ ಕೂಲೆಂಟ್‌ನಲ್ಲಿ ಒತ್ತಡ ಉಳಿದಿರುವುದರಿಂದ ಅದು ಆಯಿಲ್‌ಗೆ ಇಳಿಯುತ್ತದೆ. ಗ್ಯಾರೇಜಿನಲ್ಲಿ ನೀಲಿ ದ್ರವದ ಪರೀಕ್ಷೆ ಮಾಡುತ್ತಾರೆ, ಅದು ಹಳದಿಗೆ (ಡೀಸೆಲ್ ಎಂಜಿನ್‌ನಲ್ಲಿ ಹಸಿರಿಗೆ) ತಿರುಗಿದರೆ ಸಿಲಿಂಡರ್ ಅನಿಲ ಕೂಲೆಂಟ್‌ಗೆ ಸೋರುತ್ತಿದೆ ಎಂದರ್ಥ. ತಿರುಗದಿದ್ದರೆ ‘ಗ್ಯಾಸ್ಕೆಟ್ ಸರಿಯಿದೆ’ ಎಂದು ಬಿಡಬೇಡಿ. ಗ್ಯಾಸ್ಕೆಟ್ ಆಯಿಲ್ ದಾರಿಗೂ ಕೂಲೆಂಟ್ ದಾರಿಗೂ ನಡುವೆ ಮಾತ್ರ ಹೋಗಿದ್ದರೆ ಈ ಪರೀಕ್ಷೆ ಅದನ್ನು ಹಿಡಿಯುವುದಿಲ್ಲ. ಕೂಲಿಂಗ್ ಸಿಸ್ಟಮ್‌ಗೆ ಪಂಪಿನಿಂದ ಒತ್ತಡ ಕೊಟ್ಟು ಕಾಯುವ ಪರೀಕ್ಷೆಯನ್ನೂ ಕೇಳಿ ಮಾಡಿಸಿ.

ಆಯಿಲ್ ಕ್ಯಾಪ್‌ನ ಒಳಮೈಯಲ್ಲಿ ಮಾತ್ರ ಹಳದಿ ಬೆಣ್ಣೆಯಂಥ ಪದರ, ಡಿಪ್‌ಸ್ಟಿಕ್ ಶುದ್ಧ, ಕೂಲೆಂಟ್ ಇಳಿದಿಲ್ಲ ಅಂದರೆ ಗಾಬರಿಯಾಗಬೇಡಿ. ಮಲೆನಾಡಿನ ಮಳೆಗಾಲದಲ್ಲಿ ದಿನಾ ಪೇಟೆಗೆ ಹೋಗಿ ಬರುವಷ್ಟೇ ಓಡುವ ಗಾಡಿಗಳಲ್ಲಿ ಇದು ಸಾಮಾನ್ಯ. ಎಂಜಿನ್ ಪೂರ್ತಿ ಕಾಯದೆ ಒಳಗಿನ ತೇವ ಆವಿಯಾಗಿ ಹೊರಹೋಗಿರುವುದಿಲ್ಲ. ಕ್ಯಾಪ್ ಒರೆಸಿ, ವಾರಕ್ಕೊಮ್ಮೆ 30–40 ಕಿಲೋಮೀಟರ್ ಓಡಿಸಿ ನೋಡಿ.

## ಹಂತ 4: ಒಳಗೆ ಯಾವ ಆಯಿಲ್ ಇದೆ?

ಬಿಲ್ ಹುಡುಕಿ ಗ್ರೇಡ್ ನೋಡಿ. ಕೈಪಿಡಿ 0ಡಬ್ಲ್ಯು-20 ಅಂದಿದ್ದಕ್ಕೆ ‘ನಮ್ಮ ಊರು ಬಿಸಿಲು’ ಎಂದು 20ಡಬ್ಲ್ಯು-50 ಹಾಕಿದರೆ ದಪ್ಪ ಆಯಿಲ್‌ನಲ್ಲಿ ಸಿಕ್ಕ ಗುಳ್ಳೆ ಮೇಲೆ ಬರಲು ಹೆಚ್ಚು ಹೊತ್ತು ಹಿಡಿಯುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಪಂಪ್ ಅದನ್ನು ಹೀರಲು ಒದ್ದಾಡುತ್ತದೆ.

ಟಾಪ್ ಅಪ್ ಮಾಡುವಾಗ ಗೇರ್ ಆಯಿಲ್ ಅಥವಾ ಸ್ಟೀರಿಂಗ್ ಆಯಿಲ್ ತಪ್ಪಿ ಬಿದ್ದಿದ್ದರೆ, ಸೋಪು ಹಾಕಿ ತೊಳೆದ ಕ್ಯಾನ್‌ನಿಂದ ಸುರಿದಿದ್ದರೆ, ಡೀಸೆಲ್ ಅಥವಾ ಸೀಮೆಎಣ್ಣೆ ಹಾಕಿ ಎಂಜಿನ್ ‘ಫ್ಲಶ್’ ಮಾಡಿ ಪೂರ್ತಿ ಇಳಿಸದೆ ಬಿಟ್ಟಿದ್ದರೆ, ನೊರೆ ಖಂಡಿತ. ಇಂಥ ಸಂದರ್ಭದಲ್ಲಿ ಮಾತ್ರ ಆಯಿಲ್ ಬದಲಿಸುವುದೇ ಚಿಕಿತ್ಸೆ. ಅದಕ್ಕೂ ಎರಡು ಸುತ್ತು ಬೇಕಾಗಬಹುದು: ಒಮ್ಮೆ ಬದಲಿಸಿ, 200 ಕಿಲೋಮೀಟರ್ ಓಡಿಸಿ, ಮತ್ತೊಮ್ಮೆ ಬದಲಿಸಿ.

ನೊರೆ ತಡೆಯುತ್ತದೆ ಎಂದು ಮಾರುವ ಬಾಟಲಿಗಳನ್ನು ಹುಯ್ಯಬೇಡಿ. ಒಳ್ಳೆ ಆಯಿಲ್‌ನಲ್ಲಿ ನೊರೆ ಒಡೆಯುವ ಸಿಲಿಕಾನ್ ಅಂಶ ಆಗಲೇ ಇರುತ್ತದೆ, ಅದೂ ಹತ್ತು ಲಕ್ಷದಲ್ಲಿ ಕೆಲವೇ ಭಾಗದಷ್ಟು. ಅದು ಹೆಚ್ಚಾದರೆ ಮೇಲಿನ ನೊರೆ ಕಡಿಮೆಯಾದಂತೆ ಕಾಣುತ್ತದೆ, ಆದರೆ ಒಡಲೊಳಗಿನ ಸಣ್ಣ ಗುಳ್ಳೆ ಹೊರಬರುವುದು ಇನ್ನಷ್ಟು ತಡವಾಗುತ್ತದೆ. ಅಂದರೆ ಕಣ್ಣಿಗೆ ಕಾಣುವುದು ಮಾಯವಾಗಿ, ಕೆಡಿಸುವುದು ಉಳಿಯುತ್ತದೆ.

## ಹಂತ 5: ಬ್ರೀದರ್

ಬ್ರೀದರ್ ಅಂದರೆ ಎಂಜಿನ್ ಒಳಗೆ ಸೇರುವ ಅನಿಲ ಹೊರಹೋಗುವ ದಾರಿ. ಅದನ್ನು ನೋಡುವುದು ಐದು ನಿಮಿಷದ ಕೆಲಸ. ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಕ್ಯಾಪ್ ತೆಗೆದು, ಬಾಯಿಯ ಮೇಲೆ ತೆಳು ರಬ್ಬರ್ ಗ್ಲೌಸ್ ಹೊದಿಸಿ. ಫ್ಯಾನು, ಬೆಲ್ಟಿನಿಂದ ಕೈ, ತೋಳು, ಗ್ಲೌಸಿನ ಬೆರಳು ಎಲ್ಲ ದೂರವಿರಲಿ. ಪೆಟ್ರೋಲ್ ಎಂಜಿನ್‌ನಲ್ಲಿ ಗ್ಲೌಸ್ ನಿಧಾನವಾಗಿ ಒಳಕ್ಕೆ ಎಳೆದುಕೊಂಡರೆ ಸರಿ. ಬಲೂನಿನಂತೆ ಉಬ್ಬಿದರೆ ಬ್ರೀದರ್ ಕಟ್ಟಿದೆ ಅಥವಾ ಪಿಸ್ಟನ್ ರಿಂಗ್‌ಗಳು ಸವೆದು ಸಿಲಿಂಡರಿನ ಗಾಳಿ ಕೆಳಗೆ ಬರುತ್ತಿದೆ. ತೆಗೆಯಲೇ ಆಗದಷ್ಟು ಬಿಗಿಯಾಗಿ ಹೀರಿಕೊಂಡರೆ ಬ್ರೀದರ್ ವಾಲ್ವ್ ಒಳಗಿನ ಡಯಾಫ್ರಮ್ (ತೆಳು ಪೊರೆ) ಹರಿದಿರುತ್ತದೆ. ಬ್ರೀದರ್ ಪೈಪು, ವಾಲ್ವ್ ಬದಲಿಸುವುದು ಹೆಚ್ಚಿನ ಕಾರುಗಳಲ್ಲಿ ಸಣ್ಣ ಖರ್ಚು.

## ಹಂತ 6: ಒತ್ತಡ ಅಳೆಯಿರಿ, ಮುಳ್ಳನ್ನು ಓದಿ

ಡ್ಯಾಶ್‌ಬೋರ್ಡ್ ದೀಪವನ್ನು ನೆಚ್ಚಿಕೊಳ್ಳಬೇಡಿ. ಹೆಚ್ಚಿನ ಕಾರುಗಳಲ್ಲಿ ಒತ್ತಡ ಸುಮಾರು 0.5 ಬಾರ್‌ಗಿಂತ ಕೆಳಗೆ ಬಿದ್ದ ಮೇಲೆಯೇ ಅದು ಹತ್ತುವುದು. ದೀಪ ಆರಿದೆ ಅಂದರೆ ಎಲ್ಲ ಸರಿಯಿದೆ ಎಂದಲ್ಲ.

ಆಯಿಲ್ ಪ್ರೆಶರ್ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಮೆಕ್ಯಾನಿಕಲ್ ಗೇಜು ಜೋಡಿಸಿ. ಥ್ರೆಡ್ ಅಳತೆ ಸರಿಯಿದೆಯೇ ನೋಡಿ ಕೈಯಲ್ಲೇ ಮೊದಲ ಮೂರು ಸುತ್ತು ತಿರುಗಿಸಿ, ಅಲ್ಯೂಮಿನಿಯಂ ಬ್ಲಾಕ್‌ನ ಥ್ರೆಡ್ ಹೋದರೆ ಬೇರೆಯೇ ಕಥೆ. ಗಾಡಿಯ ಆಯಿಲ್ ಬಿಸಿಯಾಗಿರಬೇಕು. ಟೆಂಪರೇಚರ್ ಮುಳ್ಳು ನಡುವಿಗೆ ಬಂದ ಮಾತ್ರಕ್ಕೆ ಆಯಿಲ್ ಕಾಯ್ದಿರುವುದಿಲ್ಲ, ಕೂಲೆಂಟ್‌ಗಿಂತ ಅದು ತಡವಾಗಿ ಕಾಯುತ್ತದೆ. 20 ನಿಮಿಷದ ಓಟ ಮುಗಿಸಿದ ಮೇಲೆ ಅಳೆಯಿರಿ.

ಐಡಲ್‌ನಲ್ಲಿ, 2000ದಲ್ಲಿ, 3000 ಆರ್‌ಪಿಎಂನಲ್ಲಿ ಮುಳ್ಳು ಎಲ್ಲಿದೆ ಎಂದು ಬರೆದುಕೊಂಡು ನಿಮ್ಮ ಎಂಜಿನ್ನಿನ ವರ್ಕ್‌ಶಾಪ್ ಅಂಕಿಗೆ ಹೋಲಿಸಿ. ಆ ಅಂಕಿ ಸಿಗದಿದ್ದರೆ ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್ಐ ಅನ್ನುವ ಹಳೆಯ ಲೆಕ್ಕ ಒರಟು ಅಂದಾಜಿಗೆ ಆದೀತು.

ಅಂಕಿಗಿಂತ ಮುಳ್ಳಿನ ನಡತೆ ಹೆಚ್ಚು ಹೇಳುತ್ತದೆ. ಮುಳ್ಳು ಕಡಿಮೆಯಿದ್ದರೂ ಅಲುಗದೆ ನಿಂತಿದ್ದರೆ ಪಂಪ್ ಅಥವಾ ಬೇರಿಂಗ್ ಸವೆದಿದೆ, ಇಲ್ಲವೇ ಆಯಿಲ್ ತೆಳುವಾಗಿದೆ. ಎಕ್ಸಲರೇಟರ್ ಒಂದೇ ಸಮ ಹಿಡಿದಿದ್ದರೂ ಮುಳ್ಳು ನಡುಗುತ್ತಿದ್ದರೆ ಪಂಪ್‌ಗೆ ಗಾಳಿ ಹೋಗುತ್ತಿದೆ. 3000ದಲ್ಲಿ ಹಿಡಿದಾಗ ಮೊದಲು ಏರಿ, ಅರ್ಧ ನಿಮಿಷದಲ್ಲಿ ನಿಧಾನವಾಗಿ ಇಳಿಯುತ್ತ ಹೋದರೆ ಸ್ಟ್ರೈನರ್ ಕಟ್ಟಿರುವ ಅನುಮಾನ ಬಲವಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಮಾತ್ರ ಸದ್ದು ಬಂದು ಆಮೇಲೆ ಎಲ್ಲ ಸರಿಯಿದ್ದರೆ ಚೇಂಬರ್ ಮುಟ್ಟಬೇಡಿ. ಫಿಲ್ಟರ್ ಒಳಗೆ ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಇರುತ್ತದೆ, ಅಗ್ಗದ ಫಿಲ್ಟರ್‌ನಲ್ಲಿ ಅದು ಬೇಗ ಗಡುಸಾಗುತ್ತದೆ. ಒಳ್ಳೆ ಫಿಲ್ಟರ್ ಹಾಕಿ ಒಂದು ವಾರ ನೋಡಿ.

## ಹಂತ 7: ಚೇಂಬರ್ ಬಿಚ್ಚುವುದು

ಮೇಲಿನ ಆರೂ ಹಂತ ಮುಗಿದು, ಮುಳ್ಳು ಇನ್ನೂ ನಡುಗುತ್ತಿದ್ದರೆ ಅಥವಾ 3000ದಲ್ಲಿ ಇಳಿಯುತ್ತ ಹೋದರೆ ಮಾತ್ರ ಇಲ್ಲಿಗೆ ಬನ್ನಿ. ಟೈಮಿಂಗ್ ಕವರ್ ಅಥವಾ ಸಬ್‌ಫ್ರೇಮ್ ಬಿಚ್ಚಬೇಕಾದ ಗಾಡಿಯಾದರೆ ಅನುಭವಿ ಮೆಕ್ಯಾನಿಕ್‌ಗೆ ಕೊಡಿ, ಆದರೆ ಏನು ನೋಡಬೇಕೆಂದು ನೀವೇ ಹೇಳಿ, ಬಿಚ್ಚುವಾಗ ಜೊತೆಗಿರಿ.

ಆಯಿಲ್ ಇಳಿಸುವಾಗ ಕೊನೆಯ ಹನಿಗಳನ್ನು ಬಿಳಿ ತಟ್ಟೆಯಲ್ಲಿ ಹಿಡಿಯಿರಿ. ಬಿಸಿಲಿಗೆ ಹಿಡಿದಾಗ ಬೆಳ್ಳಿಯ ಅಥವಾ ತಾಮ್ರದ ಮಿನುಗು ಕಂಡರೆ ಬೇರಿಂಗ್ ಆಗಲೇ ಸವೆಯಲು ಶುರುವಾಗಿದೆ. ಆಗ ಬರೀ ಗಾಳಿ ನಿಲ್ಲಿಸಿದರೆ ಕೆಲಸ ಮುಗಿಯುವುದಿಲ್ಲ.

ಚೇಂಬರ್ ಕೆಳಗಿಳಿದ ಮೇಲೆ ಮೊದಲು ಸ್ಟ್ರೈನರ್ ಜಾಲರಿ ನೋಡಿ. ಒಮ್ಮೆ ಸ್ನೇಹಿತರೊಬ್ಬರ ಗಾಡಿಯಲ್ಲಿ ನಾನು ಕಂಡದ್ದು ಹೀಗಿತ್ತು: ಜಾಲರಿಯ ಮುಕ್ಕಾಲು ಭಾಗಕ್ಕೆ ಬೂದು ಬಣ್ಣದ ರಬ್ಬರಿನ ಎಳೆಗಳು, ಶ್ಯಾವಿಗೆಯ ಹಾಗೆ, ಒಂದರ ಮೇಲೊಂದು ಅಂಟಿ ಕುಳಿತಿದ್ದವು. ಚಿಮ್ಮಟದಿಂದ ಎಳೆದರೆ ಒಂದೊಂದೂ ಬೆರಳುದ್ದ. ಹಿಂದಿನ ಸಲ ಚೇಂಬರ್ ಕೂರಿಸಿದವರು ಸಿಲಿಕಾನ್ ಗ್ಯಾಸ್ಕೆಟ್ ಪೇಸ್ಟನ್ನು ದಪ್ಪವಾಗಿ ಬಳಿದಿದ್ದರು. ಬಿಗಿದಾಗ ಹೊರಗೆ ಬಂದಷ್ಟೇ ಒಳಗೂ ಉಬ್ಬಿತ್ತು. ಬಿಸಿ ಆಯಿಲ್‌ನಲ್ಲಿ ಅದು ಕಳಚಿ ನೇರ ಸ್ಟ್ರೈನರ್ ಬಾಯಿಗೆ ಹೋಗಿತ್ತು. ಪಂಪ್ ಕಷ್ಟಪಟ್ಟು ಹೀರಿದಾಗ ಕೊಳವೆಯೊಳಗೆ ನಿರ್ವಾತ ಹೆಚ್ಚಾಗಿ, ಆಯಿಲ್‌ನಲ್ಲಿ ಕರಗಿದ್ದ ಗಾಳಿಯೇ ಗುಳ್ಳೆಯಾಗಿ ಹೊರಬರುತ್ತದೆ. ಮಟ್ಟ ಸರಿ, ಆಯಿಲ್ ಹೊಸದು, ಆದರೂ ಗುಳ್ಳೆ.

ಎರಡನೆಯದು ಸ್ಟ್ರೈನರ್ ಕೊಳವೆ ಪಂಪ್‌ಗೆ ಸೇರುವಲ್ಲಿರುವ ಓ-ರಿಂಗ್ (ರಬ್ಬರ್ ಬಳೆ). ಇದು ಪಂಪ್ ಹೀರುವ ಬದಿಯಲ್ಲಿರುವುದರಿಂದ ಬಿರುಕಿದ್ದರೆ ಆಯಿಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೊರಗಿನಿಂದ ನೋಡಿದರೆ ಒಂದು ಹನಿಯ ಸುಳಿವೂ ಸಿಗದು. ಅದನ್ನು ತೆಗೆದು ಬೆರಳಲ್ಲಿ ಅಮುಕಿ. ಹೊಸದು ಮೆತ್ತಗೆ ದುಂಡಗಿರುತ್ತದೆ. ಹೋದದ್ದು ಒಂದು ಬದಿ ಚಪ್ಪಟೆಯಾಗಿ, ಗಡುಸಾಗಿ, ಬಾಗಿಸಿದರೆ ಕೂದಲಿನಂಥ ಬಿರುಕು ತೋರಿಸುತ್ತದೆ. ಕೆಲವೊಮ್ಮೆ ಅರ್ಧಚಂದ್ರದ ಆಕಾರದಲ್ಲಿ ಕತ್ತರಿಸಿರುತ್ತದೆ, ಅದು ಕೂರಿಸುವಾಗ ಚಿವುಟಿಹೋದ ಗುರುತು.

ಹೊಸ ಓ-ರಿಂಗ್ ನಿಮ್ಮ ಎಂಜಿನ್ ಪಾರ್ಟ್ ನಂಬರಿನದೇ ಇರಲಿ. ‘ಸೈಜ್ ಒಂದೇ’ ಎಂದು ನೀರಿನ ಪೈಪಿನ ರಿಂಗ್ ಹಾಕಿದರೆ ಬಿಸಿ ಆಯಿಲ್‌ಗೆ ಅದು ಉಬ್ಬಿ ಹಾಳಾಗುತ್ತದೆ. ಹೊಸ ಆಯಿಲ್ ಸವರಿ, ತಿರುಚದೆ ನೇರವಾಗಿ ಒತ್ತಿ ಕೂರಿಸಿ. ಬೋಲ್ಟ್‌ಗಳನ್ನು ಒಂದೇ ಸಲ ಒಂದನ್ನೇ ಬಿಗಿಯದೆ ಎರಡನ್ನೂ ಸರದಿಯಂತೆ, ಕೈಪಿಡಿಯ ಟಾರ್ಕ್‌ಗೆ ಬಿಗಿಯಿರಿ. ಕೊಳವೆಯ ಬೆಸುಗೆ ಜಾಗದಲ್ಲಿ ಬಿರುಕಿದೆಯೇ ಎಂದು ಟಾರ್ಚ್ ಹಿಡಿದು ನೋಡುವುದನ್ನು ಮರೆಯಬೇಡಿ.

ಚೇಂಬರ್ ಮತ್ತೆ ಕೂರಿಸುವಾಗ ಎರಡೂ ಮೈಯನ್ನು ಪೂರ್ತಿ ಒರೆಸಿ, ಪೇಸ್ಟನ್ನು 3 ಮಿಲಿಮೀಟರ್ ಆಸುಪಾಸಿನ ಒಂದೇ ಎಳೆಯಾಗಿ ಹಾಕಿ. ಬೋಲ್ಟ್ ತೂತುಗಳ ಒಳಬದಿಯಲ್ಲಿ ಸುತ್ತಿ ತನ್ನಿ. ಟ್ಯೂಬ್ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟ ಮೇಲೆ ಆಯಿಲ್ ತುಂಬಿ.

## ಹಂತ 8: ಒಳಗೆ ಉಳಿದ ಗಾಳಿಯನ್ನು ಹೊರಗೆ ಹಾಕುವುದು

ಚೇಂಬರ್ ಬಿಚ್ಚಿದ ಮೇಲೆ ಪಂಪ್, ಕೊಳವೆ, ಫಿಲ್ಟರ್ ಎಲ್ಲ ಬರಿದಾಗಿರುತ್ತವೆ. ಇಲ್ಲಿ ಅವಸರ ಮಾಡಿದರೆ ಅಷ್ಟು ಹೊತ್ತಿನ ದುಡಿಮೆ ನೀರಿನಲ್ಲಿ ಹೋಮ.

1. ಫಿಲ್ಟರ್ ಬಾಯಿ ಮೇಲಾಗಿ ನಿಲ್ಲುವಂಥದ್ದಾದರೆ ಹೊಸ ಆಯಿಲ್ ತುಂಬಿಸಿಯೇ ಹಾಕಿ, ರಬ್ಬರ್ ವಾಷರ್‌ಗೆ ಆಯಿಲ್ ಸವರಿ. ಹಳೆಯ ವಾಷರ್ ಬ್ಲಾಕ್‌ಗೆ ಅಂಟಿ ಉಳಿದಿಲ್ಲ ಎಂದು ಕಣ್ಣಾರೆ ನೋಡಿ.

2. ಪಂಪನ್ನೇ ಬಿಚ್ಚಿದ್ದರೆ ಕೂರಿಸುವ ಮೊದಲು ಅದರ ಗೇರ್‌ಗಳಿಗೆ ಧಾರಾಳವಾಗಿ ಆಯಿಲ್ ತುಂಬಿ ಕೈಯಲ್ಲಿ ತಿರುಗಿಸಿ. ಒಣ ಪಂಪ್ ಗಾಳಿಯನ್ನೇ ತಿರುಗಿಸುತ್ತದೆ, ಆಯಿಲ್ ಹಿಡಿಯುವುದಿಲ್ಲ.

3. ಫ್ಯೂಯಲ್ ಪಂಪಿನ ಫ್ಯೂಸ್ ಅಥವಾ ಇಂಜೆಕ್ಟರ್ ಫ್ಯೂಸ್ ತೆಗೆದು, ಎಂಜಿನ್ ಸ್ಟಾರ್ಟ್ ಆಗದಂತೆ ಮಾಡಿ. ಪ್ರೆಶರ್ ಗೇಜು ಇನ್ನೂ ಜೋಡಿಸಿಯೇ ಇರಲಿ. 10 ಸೆಕೆಂಡ್ ಸೆಲ್ಫ್ ಹೊಡೆಯಿರಿ, ಒಂದು ನಿಮಿಷ ಬಿಡಿ, ಮತ್ತೆ 10 ಸೆಕೆಂಡ್. ಮುಳ್ಳು ಮೇಲೇಳುವ ತನಕ ಹೀಗೇ ಮಾಡಿ. ನಾಲ್ಕೈದು ಸಲಕ್ಕೂ ಏಳದಿದ್ದರೆ ನಿಲ್ಲಿಸಿ, ಓ-ರಿಂಗ್ ಕೂತಿಲ್ಲ ಅಥವಾ ಪಂಪ್ ಆಯಿಲ್ ಹಿಡಿದಿಲ್ಲ.

4. ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿ, ಎಕ್ಸಲರೇಟರ್ ಮುಟ್ಟಬೇಡಿ. 5 ಸೆಕೆಂಡಿನೊಳಗೆ ಒತ್ತಡ ಕಾಣದಿದ್ದರೆ ಆಫ್ ಮಾಡಿ.

5. ಒತ್ತಡ ಬಂದ ಮೇಲೆ ಕೆಲವು ನಿಮಿಷ ಐಡಲ್, ಆಮೇಲೆ 2000–2500 ಆರ್‌ಪಿಎಂನಲ್ಲಿ ಐದಾರು ನಿಮಿಷ. ಹೈಡ್ರಾಲಿಕ್ ಟ್ಯಾಪೆಟ್ ಇರುವ ಎಂಜಿನ್ ಆದರೆ ಟಕ್ ಟಕ್ ಒಂದೊಂದಾಗಿ ಅಡಗುವುದು ಕೇಳಿಸುತ್ತದೆ. ಇದಕ್ಕೂ ಅಡಗದ ಟ್ಯಾಪೆಟ್ ಒಂದೆರಡು ದಿನದ ಓಟಕ್ಕೆ ಸರಿಹೋಗಬಹುದು. ಹೋಗದಿದ್ದರೆ ಆ ಟ್ಯಾಪೆಟ್ಟೇ ಸವೆದಿದೆ. ಎಲ್ಲ ಕಾರುಗಳಲ್ಲೂ ಹೈಡ್ರಾಲಿಕ್ ಟ್ಯಾಪೆಟ್ ಇರುವುದಿಲ್ಲ, ನಿಮ್ಮದು ಕೈಯಲ್ಲಿ ಹೊಂದಿಸುವಂಥದ್ದಾದರೆ ಆ ಸದ್ದಿಗೆ ಅಂತರ ಸರಿಮಾಡಿಸಬೇಕು.

6. ಆಫ್ ಮಾಡಿ, 10 ನಿಮಿಷ ಬಿಟ್ಟು ಮಟ್ಟ ನೋಡಿ. ಫಿಲ್ಟರ್ ತುಂಬಿಕೊಂಡಿರುವುದರಿಂದ ಇಳಿದಿರುತ್ತದೆ. 200 ಮಿಲಿಯಂತೆ ತುಂಬಿ.

## ಹಂತ 9: ಮುಂದಿನ 500 ಕಿಲೋಮೀಟರ್

ಮೊದಲ ದಿನದ ಓಟದ ಮೇಲೆ ಹಂತ 2ರ ಬಾಟಲಿ ಪರೀಕ್ಷೆಯನ್ನು ಮತ್ತೆ ಮಾಡಿ, ಹಳೆಯ ಬಾಟಲಿಯ ಪಕ್ಕದಲ್ಲಿಟ್ಟು ಹೋಲಿಸಿ. ತಿಳಿಯಾಗಲು ಮೊದಲು ಹಿಡಿದ ಸಮಯ, ಈಗ ಹಿಡಿದ ಸಮಯ ಎರಡನ್ನೂ ಬರೆದಿಡಿ. 100 ಮತ್ತು 500 ಕಿಲೋಮೀಟರಿಗೆ ಮಟ್ಟ, ಕೂಲೆಂಟ್, ಆಯಿಲ್ ಕ್ಯಾಪ್‌ನ ಒಳಮೈ ಈ ಮೂರನ್ನು ನೋಡಿ. ಚೇಂಬರ್ ಬಿಚ್ಚಿದ್ದರೆ 500ಕ್ಕೆ ಆಯಿಲ್ ಫಿಲ್ಟರ್ ತೆಗೆದು ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ ಲೋಹದ ಚೂರು ಅಥವಾ ಪೇಸ್ಟಿನ ಎಳೆ ಇದೆಯೇ ಹುಡುಕಿ.

ಹಳೆಯ ಆಯಿಲ್ ಚರಂಡಿಗೂ ತೋಟಕ್ಕೂ ಹೋಗದಿರಲಿ. ಮರದ ಬುಡಕ್ಕೆ ಗೆದ್ದಲು ಬರದ ಹಾಗೆ ಹಾಕುತ್ತೇವೆ ಎನ್ನುವವರಿದ್ದಾರೆ, ಅದು ಮಳೆ ನೀರಿನ ಜೊತೆ ಬಾವಿಗೇ ಇಳಿಯುತ್ತದೆ. ಮುಚ್ಚಳವಿರುವ ಕ್ಯಾನ್‌ಗೆ ತುಂಬಿ, ಹಳೆ ಆಯಿಲ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಸರ್ವಿಸ್ ಸೆಂಟರಿಗೆ ಕೊಡಿ. ಕೂಲೆಂಟ್ ಬೆರೆತ ಆಯಿಲ್ ಆದರೆ ಬೇರೆ ಕ್ಯಾನ್‌ನಲ್ಲಿಟ್ಟು, ಕೊಡುವಾಗ ಹಾಗೆಂದು ಹೇಳಿ.